ಸಾಮಾಜಿಕ ನ್ಯಾಯದ ವಿಚಾರ ಸಂಕಿರಣಗಳಲ್ಲಿ ಹೋಳಿಗೆ ಹಂಚಿಕೆ: ಒಂದು ಪ್ರಾಥಮಿಕ ಅಧ್ಯಯನ

ಸಾಮಾಜಿಕ ನ್ಯಾಯ ಎಲ್ಲಿ ಸಿಗುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದರ ಚರ್ಚೆ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದರಲ್ಲಿ ಮಾತ್ರ ತಕರಾರಿಲ್ಲ: ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ, ಫೆಬ್ರುವರಿ ಮಾರ್ಚ್‌ನಲ್ಲಿ. ಈ ಕಾಲನಿರ್ಣಯಕ್ಕೆ ಎರಡು ಆಧಾರಗಳುಂಟು. ವಿಶ್ವಸಂಸ್ಥೆ 2007ರಲ್ಲಿ ಫೆಬ್ರುವರಿ 20ನ್ನು ವಿಶ್ವ ಸಾಮಾಜಿಕ ನ್ಯಾಯ ದಿನವೆಂದು ಘೋಷಿಸಿತು. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸು ಹೋಗುತ್ತದೆ. ಎರಡನೆಯ ಆಧಾರವೇ ಬಲವಾದುದೆಂದು ಪ್ರಸ್ತುತ ಲೇಖಕರ ಅಭಿಮತ.

ಸಂಕಿರಣದ ಫ್ಲೆಕ್ಸ್‌ನಲ್ಲಿ ನ್ಯಾಯವು 'ಜಾಗತಿಕ'ವಾದದ್ದು ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪ್ರಬಂಧ ಮಂಡಿಸಿದ ಅಧ್ಯಾಪಕರಿಗೆ ರಾಜ್ಯಮಟ್ಟದಲ್ಲಿ 2, ರಾಷ್ಟ್ರಮಟ್ಟದಲ್ಲಿ 3, ದೇಶದೊಳಗಿನ ಅಂತರರಾಷ್ಟ್ರೀಯ ಸಂಕಿರಣದಲ್ಲಿ 5, ವಿದೇಶದಲ್ಲಾದರೆ 7 ಅಂಕ. ಅದೇ ಪ್ರಬಂಧ, ಅದೇ ಅಕ್ಷರದೋಷ; ಫ್ಲೆಕ್ಸ್ ಬದಲಾದರೆ ಎರಡಂಕ ಲಾಭ. ಕಠ್ಮಂಡುವಿನಿಂದ ಯಾರೋ ಒಬ್ಬರು ಆನ್‌ಲೈನ್‌ನಲ್ಲಿ ಕಾಣಿಸಿಕೊಂಡು, 'ನನ್ನ ದನಿ ಕೇಳಿಸುತ್ತಿದೆಯೇ?' ಎಂದ ಗಳಿಗೆಯಲ್ಲಿ ಜಾಗತಿಕ ನ್ಯಾಯ ಸ್ಥಾಪಿತವಾಗುತ್ತದೆ. ಆಮೇಲೆ ಅವರ ದನಿ ಕೇಳಿಸದಿದ್ದರೂ ಅಡ್ಡಿಯಿಲ್ಲ.

ತಾನು ಯಾರ ಮನೆಯಲ್ಲಿ ಹುಟ್ಟುತ್ತೇನೆಂದು ತಿಳಿಯದೆ, ಅಜ್ಞಾನದ ಪರದೆಯ ಹಿಂದೆ ಕೂತು ಸಮಾಜದ ಕಟ್ಟಳೆ ರೂಪಿಸಬೇಕೆಂದು ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. ನಮ್ಮ ಕೆಲವು ಉದ್ಘಾಟಕರು ಈ ಪರದೆಯನ್ನು ಮನೆಯಿಂದಲೇ ತಂದಿರುತ್ತಾರೆ.

ದೀಪ, ಗಿಡಕ್ಕೆ ನೀರು, ಶಾಲು, ಮೈಸೂರು ಪೇಟ, ನೆನಪಿನ ಕಾಣಿಕೆ ಇವೆಲ್ಲ ಮುಗಿದ ಮೇಲೆ, ಅಂಚಿನ ಜನರಿಗೆ ಮಾತಾಡಲು ಅವಕಾಶ ಕೊಡಬೇಕೆಂದು ಆಶಯ ಭಾಷಣಕಾರರು ಒಂದೂವರೆ ಗಂಟೆ ಮಾತಾಡುತ್ತಾರೆ. ಆ ಒಂದೂವರೆ ಗಂಟೆಯನ್ನು ಮಧ್ಯಾಹ್ನದ ಸಂಶೋಧನಾ ವಿದ್ಯಾರ್ಥಿಗಳ ಪಾಲಿನಿಂದ ಕಡಿತ ಮಾಡಲಾಗುವುದು. ಪೌರಕಾರ್ಮಿಕರ ಓಣಿಗಳಲ್ಲಿ ವರ್ಷಗಟ್ಟಲೆ ಅಲೆದು ಬಂದ ಹುಡುಗಿಗೆ ಉಳಿಯುವುದು ಐದು ನಿಮಿಷ. ಅವಳ ಪೀಠಿಕೆ ಪದ್ಧತಿಯಂತೆ ಹನ್ನೆರಡನೇ ಶತಮಾನದ ಅನುಭವ ಮಂಟಪದಿಂದ ಹೊರಟು, ಹಿಂದುಳಿದ ವರ್ಗಗಳ ಕುರಿತ 1918ರ ಮಿಲ್ಲರ್ ಸಮಿತಿಯನ್ನು ಹಾಯ್ದು, 1975ರ ಹಾವನೂರು ವರದಿಗೆ ಬರುವಷ್ಟರಲ್ಲಿ ಅಧ್ಯಕ್ಷರ ಚೀಟಿ ಬರುತ್ತದೆ: 'ಬೇಗ ಮುಗಿಸಮ್ಮ.' ಕರ್ನಾಟಕದ ಸಾಮಾಜಿಕ ನ್ಯಾಯದ ಚರಿತ್ರೆ ಸಂಕಿರಣಗಳ ಮಟ್ಟಿಗೆ 1975ರಾಚೆ ದಾಟದಿರುವುದಕ್ಕೆ ಇದೇ ಕಾರಣ. ಓಣಿಯ ಸಂಗತಿಗಳು ಅವಳ ಚೀಲದಲ್ಲೇ ಊರಿಗೆ ಮರಳುತ್ತವೆ.

ಇನ್ನು ಊಟದ ಹೊತ್ತಿನ ಕ್ಷೇತ್ರಕಾರ್ಯ. ಸಂಪನ್ಮೂಲ ವ್ಯಕ್ತಿಗಳಿಗೆ ಪ್ರಾಂಶುಪಾಲರ ಕೊಠಡಿಯಲ್ಲಿ ಬಾಳೆಯೆಲೆ, ಹೋಳಿಗೆ, ಕೇಳದಿದ್ದರೂ ತುಪ್ಪ. ಪ್ರತಿನಿಧಿಗಳಿಗೆ ಶಾಮಿಯಾನದಡಿ ಸರತಿ, ಕೇಳಿದರೆ ಹೋಳಿಗೆ. ಹಿಂದಿನ ರಾತ್ರಿ ಕುರ್ಚಿ ಹೊತ್ತ ಅತಿಥಿ ಉಪನ್ಯಾಸಕರಿಗೆ ಅನ್ನ ಸಾರು. ಹಾಲ್ ಗುಡಿಸುವಾಕೆಯ ಊಟದ ಕುರಿತು ಮಾಹಿತಿ ಲಭ್ಯವಾಗಲಿಲ್ಲ. ಅವರು ಗುಡಿಸುತ್ತಿದ್ದರು.

ಒಂದೇ ಕೊಳಲಿಗೆ ಮೂವರು ಮಕ್ಕಳು ಜಗಳವಾಡುವ ಪ್ರಸಂಗವನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ನ್ಯಾಯದ ಕುರಿತ ತಮ್ಮ 2009ರ ಗ್ರಂಥದಲ್ಲಿ ಕೊಡುತ್ತಾರೆ: ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನಿಗೆ ಬೇರೆ ಆಟಿಕೆಯಿಲ್ಲ, ಇನ್ನೊಬ್ಬಳು ಅದನ್ನು ಮಾಡಿದವಳು. ಬೇರೆ ಬೇರೆ ಸಿದ್ಧಾಂತ ಬೇರೆ ಬೇರೆ ಮಗುವಿನ ಕೈಗೆ ಕೊಳಲು ಕೊಡುತ್ತದೆ. ಪಾತ್ರೆಯಲ್ಲಿ ಉಳಿದ ಕೊನೆಯ ಹೋಳಿಗೆಗೂ ಇದೇ ಇಕ್ಕಟ್ಟು. ಬೀದರಿನಿಂದ ರಾತ್ರಿ ಬಸ್ಸಿನಲ್ಲಿ ಹಸಿದು ಬಂದ ಸಂಶೋಧಕನಿಗೋ? ಕೈಯಿಂದ ಶುಲ್ಕ ಕಟ್ಟಿದ ಅತಿಥಿ ಉಪನ್ಯಾಸಕಿಗೋ? ಬೆಳಗಿನ ಜಾವ ಎದ್ದು ತಟ್ಟಿದ ಅಡುಗೆಯಾಕೆಗೋ? ಪ್ರಸ್ತುತ ಲೇಖಕರು ತಟ್ಟೆ ಹಿಡಿದು ಕಾದು ಕಂಡುಕೊಂಡಂತೆ, ಹೋಳಿಗೆ ಸಿಂಡಿಕೇಟ್ ಸದಸ್ಯರ ಮನೆಗೆ ಪಾರ್ಸೆಲ್ ಆಯಿತು. ಸೇನರ ವಾದದಲ್ಲಿ ಈ ನಾಲ್ಕನೆಯ ಮಗು ಇಲ್ಲದಿರುವುದು ದೊಡ್ಡ ಕೊರತೆ.

ಹಾಗೆಂದು ಸಮಾನತೆ ಎಲ್ಲೂ ಕಾಣಲಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ಸಮಾರೋಪಕ್ಕೆ ಮುಂಚೆಯೇ ಪ್ರಮಾಣಪತ್ರದ ಮೇಜಿನ ಬಳಿ ಶ್ರೇಣಿ, ಸರತಿ, ಸಂಕೋಚ ಎಲ್ಲ ಅಳಿದುಹೋಗುತ್ತವೆ. ಹಿರಿಯ ಪ್ರಾಧ್ಯಾಪಕರ ಮೊಣಕೈ ಮತ್ತು ಸಂಶೋಧನಾ ವಿದ್ಯಾರ್ಥಿಯ ಪಕ್ಕೆ ಅಲ್ಲಿ ಸರಿಸಮಾನವಾಗಿ ಸಂಧಿಸುತ್ತವೆ. ಹೆಸರು ತಪ್ಪಾಗಿ ಅಚ್ಚಾಗಿದ್ದವರಿಗೆ ಖಾಲಿ ಪ್ರಮಾಣಪತ್ರ ಕೊಡಲಾಗುವುದು, ತಾವೇ ತುಂಬಿಕೊಳ್ಳತಕ್ಕದ್ದು. ಬರದಿದ್ದ ಗೆಳೆಯರಿಗೂ ಒಂದೆರಡು ಒಯ್ಯಬಹುದು.