9999 ಆಟಗಳ ಪೆಟ್ಟಿಗೆ

ತಮ್ಮ ಬಾಲ್ಯದ ಸೊತ್ತೊಂದನ್ನು ಕಿರಿಯರ ಕೈಗಿತ್ತು, ಅದರ ಪರಿಣಾಮವನ್ನು ನೋಡಲೆಂದು ಎದುರಿಗೆ ಕುಳಿತುಕೊಳ್ಳುವ ಹಿರಿಯರ ಅಂತರಂಗವನ್ನು ಶೋಧಿಸಿದರೆ, ಅಲ್ಲಿ ಎರಡು ಬಗೆಯ ಆಸೆಗಳು ಕಾಣಸಿಗುವುದುಂಟು. ಮಕ್ಕಳು ಬೆರಗಿನಿಂದ ಕಣ್ಣರಳಿಸಿದರೆ, ‘ನಮ್ಮ ಕಾಲವೆಂದರೆ ಹಾಗಿತ್ತು’ ಎಂದು ಬೀಗಬಹುದು. ತಾತ್ಸಾರದಿಂದ ಮೂಗು ಮುರಿದರೆ, ‘ಈಗಿನವರಿಗೆ ಏನು ಕೊಟ್ಟರೂ ಅಷ್ಟೆ’ ಎಂದು ಮರುಗಬಹುದು. ಬೀಗುವುದೂ ಮರುಗುವುದೂ ನಡುವಯಸ್ಸು ದಾಟಿದವರಿಗೆ ಸಮಾನವಾಗಿ ಸುಖಕರವಾದ ವ್ಯಾಪಾರಗಳಾದುದರಿಂದ, ಈ ಪಣದಲ್ಲಿ ಹಿರಿಯರಿಗೆ ನಷ್ಟವೆಂಬುದೇ ಇಲ್ಲ. ಆದರೆ ಮಕ್ಕಳು ಬೆರಗನ್ನೂ ತೋರದೆ ತಾತ್ಸಾರವನ್ನೂ ತೋರದೆ, ವಸ್ತುವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಪಾಟೀಸವಾಲು ಹಾಕತೊಡಗಿದರೆ ಏನು ಗತಿ? ಅಂತಹ ಸಂದರ್ಭದಲ್ಲಿ ಆಚರಿಸತಕ್ಕ ವಿಧಿಯನ್ನು ಯಾವ ಸ್ಮೃತಿಕಾರನೂ ಬರೆದಿಟ್ಟಂತೆ ಕಾಣೆ.

ಪ್ರಕೃತ ವಸ್ತುವು ಅಂಗೈಗಿಂತ ತುಸು ಉದ್ದನಾದ ಒಂದು ಬೂದುಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಎಡಗಡೆ ದಿಕ್ಕು ತೋರುವ ನಾಲ್ಕು ಗುಂಡಿಗಳು. ಬಲಗಡೆ ಇಟ್ಟಿಗೆಯನ್ನು ತಿರುಗಿಸುವ ದೊಡ್ಡದೊಂದು ಹಳದಿ ಗುಂಡಿ. ಬೆನ್ನಿನಲ್ಲಿ ಎರಡು ಪೆನ್ಸಿಲ್ ಸೆಲ್ಲುಗಳಿಗೆ ತಾವು. ಮೋರೆಯ ಮೇಲೆ ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳ ಮಂಕು ಪರದೆ. 1990ರ ದಶಕದಲ್ಲಿ ಚೀನಾ ದೇಶದಿಂದ ಬಂದು ಭಾರತದ ಜಾತ್ರೆ ಸಂತೆಗಳನ್ನೆಲ್ಲ ತುಂಬಿದ ಈ ಬ್ರಿಕ್ ಗೇಮನ್ನು ನಾರಾಯಣಖೇಡ ಸೀಮೆಯ ನಮ್ಮ ಕಲ್ಹೇರಿನ ಕಡೆಯವರು ‘ವಿಡಿಯೋ ಗೇಮ್’ ಎಂದೇ ಕರೆಯುತ್ತಿದ್ದರು. ನನ್ನದನ್ನು ಝರಾಸಂಗಮದ ಕೇತಕಿ ಸಂಗಮೇಶ್ವರನ ಶಿವರಾತ್ರಿ ಜಾತ್ರೆಯಲ್ಲಿ, ಬೆಂಡುಬತ್ತಾಸಿನ ಅಂಗಡಿಗೂ ಬಳೆಯಂಗಡಿಗೂ ನಡುವೆ ಚಾಪೆ ಹಾಸಿ ಕುಳಿತಿದ್ದವನೊಬ್ಬನಿಂದ ನನ್ನ ತಂದೆ ನೂರು ರೂಪಾಯಿಗೆ ಚೌಕಾಸಿ ಮಾಡಿ ಕೊಂಡರು. ಪೆಟ್ಟಿಗೆಯ ಹಣೆಯ ಮೇಲೆ, ಇದರಲ್ಲಿ 9999 ಆಟಗಳಿವೆ ಎಂಬ ಘೋಷಣೆ ಅಚ್ಚಾಗಿತ್ತು. ಆಟವೊಂದಕ್ಕೆ ಒಂದು ಪೈಸೆಗಿಂತ ಕೂದಲೆಳೆಯಷ್ಟು ಹೆಚ್ಚು ಬಿತ್ತೆಂದು ತಂದೆ ಅಲ್ಲಿಯೇ ಬಾಯಿಲೆಕ್ಕ ಹಾಕಿ ಸಂತುಷ್ಟರಾದರು. ವಾಸ್ತವದಲ್ಲಿ ಒಳಗಿದ್ದುದು ಬೀಳುವ ಇಟ್ಟಿಗೆ, ಓಡುವ ಕಾರು, ಗುಂಡಿಕ್ಕುವ ಟ್ಯಾಂಕು, ರಸ್ತೆ ದಾಟುವ ಕಪ್ಪೆ ಮೊದಲಾದ ಕೆಲವೇ ಆಟಗಳು. ಅವುಗಳನ್ನೇ ವೇಗ ಮತ್ತು ಹಂತಗಳ ವ್ಯತ್ಯಾಸದಿಂದ ಗುಣಿಸಿ ಗುಣಿಸಿ ಆ ಸಂಖ್ಯೆಯನ್ನು ಸಾಧಿಸಲಾಗಿತ್ತು. ಹತ್ತು ಸಾವಿರವೆಂದು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಒಂದನ್ನು ಬಿಟ್ಟುಕೊಟ್ಟ ಆ ಪ್ರಾಮಾಣಿಕತೆಯೇ ನಮ್ಮನ್ನು ಗೆದ್ದಿತು.

ಇತ್ತೀಚಿನ ದಸರೆಯ ರಜೆಯಲ್ಲಿ ಸಂದೂಕದ ತಳದಿಂದ ಇದು ಮೇಲೆದ್ದು ಬಂದು, ಹೊಸ ಸೆಲ್ಲು ಕಂಡೊಡನೆ ತನ್ನ ಕರ್ಕಶವಾದ ಮಂಗಳವಾದ್ಯವನ್ನು ನುಡಿಸಿದಾಗ, ಅಣ್ಣನ ಮಗಳು, ಅವಳ ತಮ್ಮ, ಪಕ್ಕದ ಮನೆಯ ತೆಲುಗಿನ ಹುಡುಗ ಮತ್ತು ಎದುರು ಮನೆಯ ಉರ್ದು ಮಾತಿನ ಹುಡುಗ, ಹೀಗೆ ನಾಲ್ವರು ಪರೀಕ್ಷಕರು ಕಟ್ಟೆಯ ಮೇಲೆ ನೆರೆದರು. ಮೊದಲು ಅವರ ತೋರುಬೆರಳುಗಳು ಪರದೆಯ ಮೇಲೆ ಎಡಕ್ಕೂ ಬಲಕ್ಕೂ ಜಾರಿದುವು. ಇಟ್ಟಿಗೆಯು ಆ ಉಪಚಾರವನ್ನು ಲೆಕ್ಕಿಸದೆ ತನ್ನ ಪಾಡಿಗೆ ತಾನು ಇಳಿದು ತಳ ಸೇರಿತು. ಗುಂಡಿಗಳೆಂಬುವು ಒತ್ತುವುದಕ್ಕಾಗಿಯೇ ಇವೆಯೆಂದು ನಾನು ತಿಳಿಸಿದ ಮೇಲೆ ವಿಚಾರಣೆ ಆರಂಭವಾಯಿತು.

“ಕಾಕಾ, ಇದಕ್ಕ ಚಾರ್ಜರ್ ಎಲ್ಲಿ ಹಚ್ಚಾದು?”

“ಇದು ಹಿಂಗ್ಯಾಕ ಮಬ್ಬು ಅದ? ಬೆಳಕು ಹೆಚ್ಚು ಮಾಡಾದು ಎಲ್ಲಿ?”

ಬೆಳಕನ್ನು ಹೆಚ್ಚು ಮಾಡಬೇಕಾದರೆ ಅಂಗಳಕ್ಕೆ ಹೋಗಿ ಸೂರ್ಯನ ಕಡೆಗೆ ತಿರುಗಿ ನಿಲ್ಲಬೇಕೆಂದು ನಾನು ಹೇಳಿದುದನ್ನು ಅವರು ವಿನೋದವೆಂದು ತಿಳಿದು ನಕ್ಕರು. ಆಗ ನಾನು ಇತಿಹಾಸದ ಆಶ್ರಯ ಪಡೆಯಬೇಕಾಯಿತು. ಜಪಾನಿನ ಗುನ್‌ಪೇಯಿ ಯೊಕೊಯಿ ಎಂಬ ಮಹಾಶಯನು ರೈಲಿನಲ್ಲಿ ಹೋಗುವಾಗ, ಬೇಸರಗೊಂಡ ಸಹಪ್ರಯಾಣಿಕನೊಬ್ಬನು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನೊತ್ತುತ್ತ ಕಾಲ ಕಳೆಯುವುದನ್ನು ಕಂಡು, ಕೈಯಲ್ಲಿ ಹಿಡಿದು ಆಡುವ ಯಂತ್ರದ ಕಲ್ಪನೆಯನ್ನು ಪಡೆದುದು; 1980ರಲ್ಲಿ ನಿಂಟೆಂಡೋ ಕಂಪನಿಯ ‘ಗೇಮ್ ಅಂಡ್ ವಾಚ್’ ಹೊರಬಂದುದು; 1989ರ ‘ಗೇಮ್ ಬಾಯ್’ ಯಂತ್ರದಲ್ಲಿ ಆತನ ತಂಡವು, ಬೆಲೆ ಇಳಿಯಲಿ, ಸೆಲ್ಲು ಬಹುಕಾಲ ಬಾಳಲಿ ಎಂದು ಬಣ್ಣವನ್ನು ಬೇಕೆಂದೇ ತ್ಯಜಿಸಿದುದು; ಹಳತಾಗಿ ಅಗ್ಗವಾದ ತಂತ್ರವನ್ನು ಹೊಸ ಬಗೆಯಲ್ಲಿ ಬಳಸುವುದೇ ಆತನ ಸಿದ್ಧಾಂತವಾಗಿದ್ದುದು, ಎಲ್ಲವನ್ನೂ ಸವಿಸ್ತಾರವಾಗಿ ನಿರೂಪಿಸಿದೆನು. ಅಣ್ಣನ ಮಗಳು ಪೆಟ್ಟಿಗೆಯ ಬೆನ್ನನ್ನು ಪರಿಶೀಲಿಸಿ, “ಇದು ಅವರು ಮಾಡಿದ್ದಲ್ಲ, ಇದರ ಮ್ಯಾಲ ಯಾರ ಹೆಸರೂ ಇಲ್ಲ” ಎಂದಳು. ಅನಾಮಧೇಯರ ಕೃತಿಗೆ ಅನ್ಯರ ಚರಿತ್ರೆಯನ್ನು ಅಂಟಿಸುವ ವಿದ್ವಾಂಸರಿಗೆ ಇಂತಹ ಪ್ರತಿಪಕ್ಷದವರು ಅಪರೂಪವಾಗಿರುವುದು ಅವರ ಪುಣ್ಯ.

ಅನಂತರ ನಡೆದ ಸಂಗತಿಯು ನನಗೆ ಅತ್ಯಂತ ಬೋಧಪ್ರದವಾಗಿ ತೋರಿತು. ಅಣ್ಣನ ಮಗನ ಇಟ್ಟಿಗೆಗಳು ಮೇಲ್ಛಾವಣಿಯನ್ನು ಮುಟ್ಟಿ ಆಟ ಮುಗಿಯಿತು. ಆತನು ಮತ್ತೆ ಆರಂಭಿಸಲಿಲ್ಲ. ಬೇರೊಬ್ಬರಿಗೆ ಕೊಡಲೂ ಇಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾಳ್ಮೆಯ ಪ್ರತಿಮೂರ್ತಿಯಾಗಿ, ಪರದೆಯನ್ನೇ ದಿಟ್ಟಿಸುತ್ತ ಕುಳಿತನು. ಏಕೆ ಸುಮ್ಮನಿರುವೆಯೆಂದು ಕೇಳಿದುದಕ್ಕೆ, “ಆ್ಯಡ್ ಬರ್ಲಿ ಅಂತ ಕುಂತೀನಿ” ಎಂದನು. ಸೋತವನು ಸಾಬೂನಿನ ಇಲ್ಲವೆ ಸಾಲದ ಜಾಹೀರಾತೊಂದನ್ನು ಅರ್ಧ ನಿಮಿಷ ನೋಡಿ ಪ್ರಾಯಶ್ಚಿತ್ತ ಮಾಡಿಕೊಂಡರೆ ಮರುಜನ್ಮ ದೊರೆಯುತ್ತದೆಂಬ ಮೊಬೈಲಿನ ಕರ್ಮಸಿದ್ಧಾಂತದಲ್ಲಿ ಬೆಳೆದ ಆ ಬಾಲಕನಿಗೆ, ಯಾವ ದಂಡವನ್ನೂ ತೆರದೆ ಒಡನೆಯೇ ಇನ್ನೊಮ್ಮೆ ಸೋಲಬಹುದೆಂಬುದು ನಂಬಲಸಾಧ್ಯವಾದ ಔದಾರ್ಯವಾಗಿ ಕಂಡಿತು. ಆ ಪೆಟ್ಟಿಗೆಯು ನೂರು ರೂಪಾಯಿ ಪಡೆದ ಮೇಲೆ ನಮ್ಮ ಮನೆಯವರಿಂದ ಸೆಲ್ಲಿನ ಹೊರತು ಬೇರೇನನ್ನೂ ಬಯಸಿಲ್ಲವೆಂಬುದು ನನಗೂ ಆಗಲೇ ಹೊಳೆದುದು.

ಯಂತ್ರವೊಂದು, ಆಟಗಾರರು ನಾಲ್ವರು. ಆದುದರಿಂದ ಪಾಳಿ ಏರ್ಪಟ್ಟಿತು. ಪಾಳಿಯಿಲ್ಲದ ಮೂವರು ಏನು ಮಾಡಬೇಕು? ಮೊಬೈಲಾಗಿದ್ದರೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಿದ್ದರು. ಇಲ್ಲಿ ಅವರು ಆಟಗಾರನ ಹೆಗಲುಗಳ ಮೇಲೆ ಗದ್ದವೂರಿ ಸಲಹೆಗಾರರಾದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ನಾರಾಯಣಖೇಡ ಜಹೀರಾಬಾದುಗಳನ್ನೂ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಕೊಡಂಗಲ್ಲುಗಳನ್ನೂ ಬೇರ್ಪಡಿಸಿ ಆಂಧ್ರಪ್ರದೇಶಕ್ಕೆ ಸೇರಿಸಿದ ಮಹನೀಯರು, ಭಾಷೆಗಳು ಗೆರೆ ಕೊರೆದಂತೆ ಬೇರೆ ಬೇರೆಯಾದುವೆಂದು ಭಾವಿಸಿದ್ದಿರಬಹುದು. ಅವರು ನಮ್ಮ ಓಣಿಯ ಕಟ್ಟೆಗೆ ಬಂದು, ಒಂದೇ ಒಂದು ಉದ್ದನೆಯ ಇಟ್ಟಿಗೆ ಇಳಿಯುವಷ್ಟರಲ್ಲಿ “ತಿರುವೋ!”, “ತಿಪ್ಪುರಾ!”, “ಘುಮಾ ರೇ!” ಎಂಬ ಮೂರು ಆಜ್ಞೆಗಳು ಒಟ್ಟಿಗೆ ಹೊರಟು, ಆಟಗಾರನು ಮೂರನ್ನೂ ಪಾಲಿಸಿ ಇಟ್ಟಿಗೆಯನ್ನು ಮೂರು ಸಲ ತಿರುಗಿಸಿ ಅಡ್ಡ ಬೀಳಿಸಿದುದನ್ನು ಕಣ್ಣಾರೆ ನೋಡಬೇಕಿತ್ತು. ಸೋಲಿನ ಹೊಣೆಯನ್ನು ಹಂಚಿಕೊಳ್ಳುವಾಗ ಮಾತ್ರ ನಾಲ್ವರೂ ಏಕಕಂಠದಿಂದ ಕನ್ನಡದಲ್ಲಿಯೇ ಯಂತ್ರವನ್ನು ಬೈದರು.

ಮೂರು ದಿನ ಹೀಗೆ ನಡೆದ ಮೇಲೆ ಅಣ್ಣನ ಮಗಳು ಕೊನೆಯ ಪ್ರಶ್ನೆ ಹಾಕಿದಳು: “ಕಾಕಾ, ಇದರಾಗ ಗೆಲ್ಲಾದು ಯಾವಾಗ?”

ನನ್ನ ತಲೆಮಾರಿನವರಲ್ಲಿ ಯಾರೊಬ್ಬರೂ ಕೇಳದಿದ್ದ ಪ್ರಶ್ನೆಯಿದು. ನಾಣ್ಯ, ನಕ್ಷತ್ರ, ಪಟಾಕಿಗಳಿಂದ ಹೆಜ್ಜೆಹೆಜ್ಜೆಗೂ ಅಭಿನಂದಿತರಾಗುವ ಮಕ್ಕಳಿಗಲ್ಲದೆ ನಮ್ಮಂಥವರಿಗೆ ಅದು ಹೊಳೆಯುವುದಾದರೂ ಹೇಗೆ? 1984ರಲ್ಲಿ ಮಾಸ್ಕೋ ನಗರದ ಅಲೆಕ್ಸಿ ಪಜಿತ್‌ನೊವ್ ಈ ಇಟ್ಟಿಗೆಯಾಟವನ್ನು ಟೆಟ್ರಿಸ್ ಎಂಬ ಹೆಸರಿನಲ್ಲಿ ರಚಿಸಿದಾಗ ಅದಕ್ಕೆ ಗೆಲುವೆಂಬುದನ್ನು ಇಟ್ಟೇ ಇರಲಿಲ್ಲ. ಏಳು ಆಕಾರದ ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ, ಆಡುವವನು ತಡವಾಗಿ ಸೋಲುತ್ತಾನೆ, ಅಷ್ಟೆ. 1997ರಲ್ಲಿ ಹೈಡಿ ಬರ್ಗಿಯಲ್ ಎಂಬ ಗಣಿತಜ್ಞೆಯು, ಸೊಟ್ಟಗಿರುವ ಎರಡು ಬಗೆಯ ಇಟ್ಟಿಗೆಗಳು ಒಂದಾದ ಮೇಲೊಂದರಂತೆ ಬರುತ್ತಲೇ ಇದ್ದರೆ ಎಂತಹ ಚತುರನೂ ಸೋಲಲೇಬೇಕೆಂದು ಸಾಧಿಸಿ ತೋರಿಸಿದಳು. ಇದನ್ನೆಲ್ಲ ವಿವರಿಸಿ, ಜೀವನವೂ ಹೀಗೆಯೇ ಎಂಬ ಉಪಸಂಹಾರಕ್ಕೆ ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಂತೆಯೇ ಹುಡುಗಿ ತಂದೆಯ ಮೊಬೈಲಿನಲ್ಲಿ ಒಂದು ಸುದ್ದಿಯನ್ನು ಹುಡುಕಿ ತೆಗೆದಳು. ಅಮೆರಿಕದ ಓಕ್ಲಹೋಮಾ ಪ್ರಾಂತದ 13 ವರ್ಷದ ಬಾಲಕನೊಬ್ಬನು 2023ರ ಡಿಸೆಂಬರಿನಲ್ಲಿ, ಟಿವಿಗೆ ಜೋಡಿಸಿ ಆಡುವ ಹಳೆಯ ನಿಂಟೆಂಡೋ ಯಂತ್ರದ ಟೆಟ್ರಿಸನ್ನು 157ನೆಯ ಹಂತದವರೆಗೆ ಎಳೆದು, ಮುಂದಿನ ದಾರಿ ತೋಚದೆ ಯಂತ್ರವೇ ಸ್ತಬ್ಧವಾಗಿ ನಿಲ್ಲುವಂತೆ ಮಾಡಿದನಂತೆ. ಲೋಕವೆಲ್ಲ ಅದನ್ನು ಮನುಷ್ಯನ ಜಯವೆಂದೇ ಕೊಂಡಾಡಿತಂತೆ. “ಮಷೀನ್ ಬಂದ್ ಬಿದ್ರ ನಾವು ಗೆದ್ದಂಗ” ಎಂದು ನಾಲ್ವರೂ ಶಾಸನ ಮಾಡಿಕೊಂಡರು. ನಾವು ಆ ಪೆಟ್ಟಿಗೆಯನ್ನು ದೈವದಂತೆ ಕಂಡು, ಅದು ಕೊಟ್ಟ ಸೋಲನ್ನು ಪ್ರಸಾದವೆಂದು ಸ್ವೀಕರಿಸಿದವರು. ಇವರು ಅದನ್ನು ಎದುರಾಳಿಯೆಂದು ತಿಳಿದು, ಬೀಳಿಸುವ ಬಗೆಯನ್ನು ಹುಡುಕುವವರು. ಹಳೆಯ ವಸ್ತುವಿಗೆ ಇವೆರಡರಲ್ಲಿ ಯಾವುದು ಹೆಚ್ಚಿನ ಗೌರವವೆಂದು ಕೇಳಿದರೆ, ನನ್ನ ಮತವು ಮಕ್ಕಳ ಪರವಾಗಿಯೇ ಬೀಳುತ್ತದೆ.

ಅದೇ ಸಂಜೆ, ಧಾರಾವಾಹಿಯ ವೇಳೆಗೆ ಸರಿಯಾಗಿ ಟಿವಿ ರಿಮೋಟಿನ ಸೆಲ್ಲು ಮುಗಿಯಿತು. ವೈನಿ ಹೊರಗೆ ಬಂದು, ಆಟದ ನಡುವಿನಲ್ಲಿಯೇ ಪೆಟ್ಟಿಗೆಯನ್ನು ಕಸಿದುಕೊಂಡು, ಬೆನ್ನಿನ ಮುಚ್ಚಳವನ್ನು ತೆಗೆದು, ಎರಡು ಸೆಲ್ಲುಗಳನ್ನೂ ಉದುರಿಸಿಕೊಂಡು ಒಳಗೆ ನಡೆದರು. ಪರದೆಯು ಬರಿದಾಯಿತು. ಈಗ ಅಳುವಿನ ಸರದಿಯೆಂದು ನಾನು ಸಮಾಧಾನದ ಮಾತುಗಳನ್ನು ಹೊಂದಿಸಿಕೊಳ್ಳುತ್ತಿರುವಾಗ, ಅಣ್ಣನ ಮಗನು ಖಾಲಿ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದನು: “ಬಂದ್ ಬಿತ್ತು ಕಾಕಾ! ನಮ್ಮವ್ವ ಗೆದ್ದಳು!” ಓಕ್ಲಹೋಮಾದ ಪೂರ್ವನಿರ್ಣಯವು ಮುಂದಿದ್ದುದರಿಂದ, ಆ ತೀರ್ಪನ್ನು ಅಲ್ಲಗಳೆಯುವ ಅಧಿಕಾರವು ನನಗಿರಲಿಲ್ಲ.