ಬಿಳಿ ಒಂದರ ಶ್ರುತಿಯಲ್ಲಿ ಹಲ್ಲುಜ್ಜೋಣ ಬನ್ನಿ

ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಮನೆಯವರಿಗೆ ಕೇಳದ ಹಾಗೆ, ನಿಜ ಹೇಳಿಬಿಡಿ. ಇವತ್ತು ಬೆಳಗ್ಗೆ ಎಷ್ಟು ಹೊತ್ತು ಹಲ್ಲುಜ್ಜಿದ್ರಿ? "ಎರಡು ನಿಮಿಷ" ಅಂದ್ರಾ? ಬಿಡಿ ಮಾರಾಯ್ರೇ! ಎಂಟು ಗಂಟೆಯ ಚರ್ಚ್‌ಗೇಟ್ ಲೋಕಲ್ ಹಿಡಿಯಬೇಕಾದವರು ಬಾಂದ್ರಾದಲ್ಲಿ ಯಾರೂ ಎರಡು ನಿಮಿಷ ಉಜ್ಜುವುದಿಲ್ಲ. ನಲವತ್ತು ಸೆಕೆಂಡು. (ಅದರಲ್ಲೂ ಹತ್ತು ಸೆಕೆಂಡು ವಾಟ್ಸಾಪ್ ನೋಡಿದ್ದು.)

ಅದಕ್ಕೇ ಅಲ್ವಾ ದೀಪಾವಳಿ ಸೇಲಿನಲ್ಲಿ ಆ ಕರೆಂಟ್ ಬ್ರಶ್ ತರಿಸಿದ್ದು? ಮುಚ್ಚಿಡಬೇಡಿ, ಕಥೆ ಗೊತ್ತುಂಟು. ಊರಿಂದ ಬಂದ ಭಾವನವರನ್ನು ಬ್ಯಾಂಡ್‌ಸ್ಟ್ಯಾಂಡಿಗೆ ಕರ್ಕೊಂಡು ಹೋದ್ರಿ. ಮನ್ನತ್ ಗೇಟಿನ ಮುಂದೆ ಹಲ್ಲು ಕಿರಿದು ಸೆಲ್ಫಿ ತೆಗೆದ್ರಿ. ರಾತ್ರಿ ಮಲಗಿಕೊಂಡು ಝೂಮ್ ಮಾಡಿದ್ರಿ. ಭಾವನದ್ದು ಮಲ್ಲಿಗೆ ಮೊಗ್ಗು, ನಿಮ್ಮದು ಇರಾನಿ ಚಾಯದ ಬಣ್ಣ. ಹನ್ನೊಂದೂವರೆಗೆ ಆರ್ಡರ್ ಹೋಯ್ತು.

ಪಾರ್ಸೆಲ್ ಬಂತು, ಬಾಕ್ಸ್ ಬಿಚ್ಚಿದ್ರಿ. ಚಾರ್ಜರಿಗೆ ಎರಡು ಪಿನ್ನು. ನಿಮ್ಮ ಬಾತ್‌ರೂಮಿನಲ್ಲಿ ಇರುವುದು ಗೀಸರಿನ ದಪ್ಪ ಸಾಕೆಟ್ ಒಂದೇ. ಹಾಗಾಗಿ ಅದೀಗ ಎಲ್ಲಿ ನಿಂತಿದೆ? ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕ. ಒಂದು ಸ್ವಿಚ್ಚಿಗೆ ಚಟ್ನಿ, ಇನ್ನೊಂದಕ್ಕೆ ದಂತ. (ಬೆಳಗ್ಗೆ ಬೆಳಗ್ಗೆ ಅಲ್ಲಿಂದ ಕಿತ್ತು, ಪೇಸ್ಟ್ ಹಾಕಿ, ಹಾಲಿನಲ್ಲಿ ಕೂತ ಮಾವನವರ ಮುಂದೆ ಮೆರವಣಿಗೆ ಹೋಗಬೇಕು. ಹೌದಾ ಅಲ್ವಾ?)

ಇದರ ಪೂರ್ವಜ ಹುಟ್ಟಿದ್ದು 1954ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಫಿಲಿಪ್ ಗೀ ವೂಗ್ ಅಂತ ಒಬ್ಬ ಡಾಕ್ಟರು ಮಾಡಿದ್ದು, ಹೆಸರು ಬ್ರಾಕ್ಸೋಡೆಂಟ್. ಯಾರಿಗಾಗಿ ಗೊತ್ತಾ? ಕೈ ಸರಿಯಾಗಿ ಆಡದ ರೋಗಿಗಳಿಗೆ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ. ಎರಡೆರಡು ಗಂಟೆ ದಣಿವಿಲ್ಲದೆ ರೀಲ್ಸ್ ತಳ್ಳುವ ಹೆಬ್ಬೆರಳು ಇರುವ ನಿಮಗಲ್ಲ. ಆದರೂ ನೋಡಿ, ಕಡೆಗೆ ನಿಮ್ಮ ಕೈಗೇ ಬಂದು ಬಿತ್ತು.

ಆ ಬ್ರಾಕ್ಸೋಡೆಂಟಿಗೆ ಗೋಡೆಯಿಂದ ವೈರು. ನೀರು, ಬಾಯಿ, ಕರೆಂಟು, ಮೂರೂ ಒಂದೇ ಕಡೆ. ಎದೆ ಧಸಕ್ ಅನ್ನುವುದಿಲ್ವಾ? 1961ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ಚಾರ್ಜ್ ಮಾಡುವ ಬ್ರಶ್ ತಂದ ಮೇಲೆ ಬಾಲ ಕಡಿದು ಹೋಯ್ತು. ಈಗ ನಿಮ್ಮ ಬ್ರಶ್ಶಿನ ಬುಡ ನೋಡಿ. ಒಂದು ಗುಂಡಿ ಉಂಟು, ಸ್ಟ್ಯಾಂಡಿನ ಗೂಟ ಅದರೊಳಗೆ ಕೂರ್ತದೆ. ಲೋಹಕ್ಕೆ ಲೋಹ ಎಲ್ಲೂ ತಾಗುವುದಿಲ್ಲ. (ಹಾಗಾದ್ರೆ ಕರೆಂಟ್ ಹೇಗೆ ಹೋಗ್ತದೆ ಅಂತ ಕಿರುಬೆರಳು ತೂರಿಸಿ ನೋಡಿದವರು ಯಾರು, ಹೇಳ್ಲಾ?)

ಗುಟ್ಟು ಇಷ್ಟೇ. ಒಂದು ಟ್ರಾನ್ಸ್‌ಫಾರ್ಮರನ್ನು ಎರಡು ಹೋಳು ಮಾಡಿ, ಒಂದು ಸುರುಳಿಯನ್ನು ಸ್ಟ್ಯಾಂಡಿನಲ್ಲಿ, ಇನ್ನೊಂದನ್ನು ಬ್ರಶ್ಶಿನಲ್ಲಿ ಇಟ್ಟಿದ್ದಾರೆ. ಇಲ್ಲಿ ಕರೆಂಟ್ ಆಚೀಚೆ ಹರಿದರೆ ಪ್ಲಾಸ್ಟಿಕ್ಕಿನ ಆಚೆ ಅಯಸ್ಕಾಂತದ ಎಳೆತ ಎದ್ದು, ಅಲ್ಲಿಯ ಸುರುಳಿಯಲ್ಲೂ ಕರೆಂಟ್ ಹುಟ್ತದೆ. ಪಿನ್ನಿಗೆ ತೂತು ಬೇಡ, ತೂತಿಲ್ಲದ ಮೇಲೆ ಅಲ್ಲಿಂದ ನೀರು ನುಗ್ಗುವ ಮಾತಿಲ್ಲ. ಎಷ್ಟು ಚಂದ ಅಲ್ವಾ?

ಇನ್ನು ಆ ಝುಂಯ್‌ಕಾರ. ಇದರಲ್ಲಿ ಎರಡು ಮನೆತನ. ದುಂಡು ತಲೆಯದು ಗಿರಗಿರ ಸುತ್ತುವುದಿಲ್ಲ, ಬೇಡ ಅನ್ನುವವನ ತಲೆಯ ಹಾಗೆ ಎಡಕ್ಕೆ ಬಲಕ್ಕೆ ಆಡ್ತದೆ, ಅಷ್ಟೇ. ಉದ್ದ ತಲೆಯದು 'ಸೋನಿಕ್'. ಅಮೆರಿಕದ ಸಿಯಾಟಲ್ ಕಡೆಯಿಂದ 1992ರಲ್ಲಿ ಸೋನಿಕೇರ್ ಅಂತ ಬಂತು. ಅದರೊಳಗೆ ಸುರುಳಿ, ಅಯಸ್ಕಾಂತ, ಒಂದು ಸ್ಟೀಲಿನ ಕಡ್ಡಿ. ಕರೆಂಟಿನ ದಿಕ್ಕು ಬದಲಾದ ಹಾಗೆಲ್ಲ ಕಡ್ಡಿ ಆಚೆ, ಈಚೆ, ಆಚೆ, ಈಚೆ. ನಿಮಿಷಕ್ಕೆ 31,000 ಸಲ!

ಲೆಕ್ಕ ಹಾಕಿ. ಹೋಗಿ ಬರುವುದನ್ನು ಒಂದು ಅಂತ ಹಿಡಿದರೆ ಸೆಕೆಂಡಿಗೆ ಸುಮಾರು 260. ಅಂದ್ರೆ ಏನು? ಹಾರ್ಮೋನಿಯಂನ ಬಿಳಿ ಒಂದು! ಮಾಟುಂಗಾದಲ್ಲಿ ಯಕ್ಷಗಾನ ನೋಡಿ ಬಂದ ಮರುದಿನ ಬ್ರಶ್ ಹಚ್ಚಿ ಕಿವಿಗೊಟ್ಟು ಕೇಳಿ, ಶ್ರುತಿ ಪೆಟ್ಟಿಗೆ ಬಾಯೊಳಗೇ ಉಂಟು. (ಪದ ಮಾತ್ರ ಎತ್ತಬೇಡಿ. ನೊರೆ ಕನ್ನಡಿಗೆ ಹಾರ್ತದೆ.)

ಈಗ ನಿಮ್ಮ ಮೇಲಿನ ದೂರಿಗೆ ಬರ್ತೇನೆ. ಅಷ್ಟು ಸಲ ಅದೇ ಆಡುವಾಗ ನಿಮ್ಮ ಕೈಗೇನು ಕೆಲಸ? ಹಲ್ಲಿಗೆ ತಾಗಿಸಿ ಹಿಡಿದರೆ ಆಯ್ತು. ಆದರೆ ಬಾಂದ್ರಾ ಸ್ಟೇಷನ್ನಿನಲ್ಲಿ ದೂಡದೆ ಯಾವ ಕೆಲಸ ಆದದ್ದುಂಟು? ಅಲ್ಲಿಯ ಅಭ್ಯಾಸ ಇಲ್ಲಿಗೂ ಬಂತು. ಬ್ರಶ್ ಆನ್ ಮಾಡಿ, ಅದರ ಮೇಲೆ ಪಾತ್ರೆಯ ಸೀಕಲು ತಿಕ್ಕುವ ಹಾಗೆ ತಿಕ್ತೀರಿ. ಒತ್ತಿದಷ್ಟೂ ಎಸಳುಗಳು ಮಡಚಿಕೊಂಡು ಆಟ ಕಡಿಮೆ ಆಗ್ತದೆ, ಬಿಳಿ ಒಂದು ಗೊಗ್ಗರು ದನಿ ಆಗ್ತದೆ. ಹಲ್ಲುಜ್ಜಲು ಒಂದು ಸಣ್ಣ ಮೋಸಂಬಿಯ ಭಾರ, 150 ಗ್ರಾಂ ಹತ್ತಿರ, ಧಾರಾಳ ಆಯ್ತು ಮಾರಾಯ್ರೇ. ನೀವು ಕಲ್ಲಂಗಡಿ ಇಡ್ತೀರಿ!

ನೀವು ಇಂಥವರು ಅಂತ ಎಂಜಿನಿಯರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಒತ್ತಿದರೆ ಕೆಂಪು ದೀಪ. ಕೆಲವದರಲ್ಲಿ ಮೋಟಾರೇ ಮುನಿಸಿಕೊಂಡು ನಿಧಾನ ಆಗ್ತದೆ. ಬಾಯನ್ನು ನಾಲ್ಕು ಪಾಲು ಮಾಡಿ, ಪಾಲಿಗೆ 30 ಸೆಕೆಂಡು ಕೊಟ್ಟು, ಮುಗಿದ ಕೂಡಲೇ ಒಂದು ತಡವರಿಕೆ. ಲೋಕಲಿನಲ್ಲಿ ಮರಾಠಿಯಲ್ಲಿ ಮುಂದಿನ ಸ್ಟೇಷನ್ ಕೂಗ್ತಾರಲ್ಲ, 'ಪುಢೀಲ ಸ್ಟೇಷನ್, ಮೇಲಿನ ಎಡ ದವಡೆ' ಅಂದ ಹಾಗೆ. ನೀವೋ, ಮುಂದಿನ ಎಂಟು ಹಲ್ಲಿನಲ್ಲೇ ಇಳಿದುಬಿಡುವವರು. (ಸೆಲ್ಫಿಯಲ್ಲಿ ಕಾಣುವುದು ಅವೇ ತಾನೆ?)

ಕೆಲವು ಬ್ರಶ್ಶುಗಳು ಮೊದಲ 14 ಸಲ ಪೂರ್ತಿ ಜೋರು ತೋರಿಸುವುದೇ ಇಲ್ಲ. ಮೆಲ್ಲ ಶುರು ಮಾಡಿ, ದಿನಕ್ಕಿಷ್ಟು ಏರಿಸ್ತವೆ. ಡಿಪಾಸಿಟ್ ಕೈಗೆ ಬರುವ ತನಕ ಬಾಂದ್ರಾದ ಮನೆ ಮಾಲೀಕರು ಇರ್ತಾರಲ್ಲ, ಹಾಗೆ. ಯಾಕೆ ಈ ನಾಜೂಕು? ಮೊದಲ ದಿನವೇ ಕಚಗುಳಿ ಆಗಿ ನೀವು ಅದನ್ನು ಕಪಾಟಿಗೆ ಸೇರಿಸ್ತೀರಿ ಅಂತ ಹೆದರಿಕೆ.

ಒಟ್ಟು ಬಿಚ್ಚಿ ನೋಡಿದರೆ, ಅದರೊಳಗೆ ಹಲ್ಲಿನ ಸಲುವಾಗಿ ಇರುವುದು ಒಂದು ಮೋಟಾರು. ಮಿಕ್ಕಿದ್ದೆಲ್ಲ ನಿಮ್ಮ ಜಾತಕ. ಟೈಮರ್ ನಿಮ್ಮ ಅವಸರ, ಕೆಂಪು ದೀಪ ನಿಮ್ಮ ಸಿಟ್ಟು, ಮೆಲ್ಲನೆಯ ಶುರು ನಿಮ್ಮ ಪುಕ್ಕಲು. ಮಾಸಿ ಬೆಳ್ಳಗಾಗುವ ಆ ನೀಲಿ ಎಸಳು ನಿಮ್ಮ ಜಿಪುಣತನ. ಮೂರು ತಿಂಗಳಿಗೊಮ್ಮೆ ತಲೆ ಬದಲಿಸಿ ಅಂತ ಅದು ಹೇಳುವುದು. ನೀವು "ಅರ್ಧ ನೀಲಿ ಇನ್ನೂ ಉಂಟಲ್ಲ" ಅಂತೀರಿ.

ಅಂದ ಹಾಗೆ, ಆ ತಲೆ ಕಿತ್ತು ಒಳಗೆ ನೋಡಿದ್ದೀರಾ? ನಾನು ಆರು ತಿಂಗಳ ನಂತರ ಒಂದು ಆದಿತ್ಯವಾರ ಕಿತ್ತೆ. ಸ್ಟೀಲಿನ ಕಡ್ಡಿಯ ಬುಡದಲ್ಲಿ, ರಬ್ಬರ್ ಬಳೆಯ ಸುತ್ತ, ಬೂದು ಬಿಳಿಯ ಲೋಳೆ. ಒಣಗಿದ ಪೇಸ್ಟು, ಎಂಜಲು, ನಲ್ಲಿ ನೀರು ಸೇರಿದ ಪಾಕ. ಮಳೆಗಾಲದ ಬಾಂದ್ರಾದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಇದನ್ನು ಬಿಟ್ಟೀತಾ? ದಿನಾ ತಲೆ ತೆಗೆದು, ತೊಳೆದು, ಒರಸಿ ಇಡಬೇಕಿತ್ತು. (ನೀವು ಈಗ ಎದ್ದು ಹೋಗಿ ನೋಡಬೇಡಿ. ಊಟ ಆದ ಮೇಲೆ ನೋಡಿ.)

ಇನ್ನು ನೀರು ಚಿಮ್ಮಿಸುವ ಯಂತ್ರ, ವಾಟರ್ ಫ್ಲಾಸರ್. 1962ರಲ್ಲಿ ಅಮೆರಿಕದ ಫೋರ್ಟ್ ಕಾಲಿನ್ಸಿನಲ್ಲಿ ಜೆರಾಲ್ಡ್ ಮೋಯರ್ ಅಂತ ದಂತವೈದ್ಯ, ಜಾನ್ ಮ್ಯಾಟಿಂಗ್ಲಿ ಅಂತ ಎಂಜಿನಿಯರ್ ಸೇರಿ ಮಾಡಿದ್ದು. ನೀರು ಒಂದೇ ಧಾರೆಯಾಗಿ ಬರುವುದಿಲ್ಲ. ಪುಟ್ಟ ಪಂಪು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸಲ ತಡೆದು ತಡೆದು ಬಿಡ್ತದೆ, ಒಸಡಿನ ಸಂದಿಯ ಕಸ ಸಡಿಲ ಆಗುವ ಹಾಗೆ. ಮೊದಲು ಬಾಯಿಗಿಟ್ಟು, ಬೇಸಿನ್ನಿಗೆ ಬಗ್ಗಿ, ತುಟಿ ಅರೆ ಮುಚ್ಚಿ, ಆಮೇಲೆ ಸ್ವಿಚ್. ನೀವು ಮಾಡಿದ್ದು? ಕನ್ನಡಿ ನೋಡ್ತಾ ಸ್ವಿಚ್ ಒತ್ತಿದ್ದು. ಕನ್ನಡಿ ಚೊಕ್ಕ ಆಯ್ತು.

ಊರಿನ ಅಜ್ಜಿಗೆ ಇದನ್ನೆಲ್ಲ ತೋರಿಸಿದ್ರೆ ಏನಂತಿದ್ರು? ಹಣ್ಣಾದ ಮಾವಿನೆಲೆ ಮಡಚಿ, ಉಮಿಕರಿಗೆ ಉಪ್ಪು ಸೇರಿಸಿ ಉಜ್ಜಿ, ಹಿಡಿಸೂಡಿಯ ಹಸಿ ಕಡ್ಡಿ ಸೀಳಿ ನಾಲಗೆ ಕೆರೆದವರು. ಘಟ್ಟದ ಮೇಲಿನವರಿಗಾದರೆ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿ. "ಹೌದು, ಆ ಕಾಲವೇ ಚಂದ" ಅಂತ ತಲೆ ಆಡಿಸಿದ್ರಾ? ಸಿಕ್ಕಿಬಿದ್ರಿ! ಅಜ್ಜಿ ಅಂಗಳದಲ್ಲಿ ಕೂತು ಕಾಲು ಗಂಟೆ ಉಜ್ತಿದ್ರು. ನಿಮಗೆ ಎರಡು ನಿಮಿಷಕ್ಕೆ ಮೋಟಾರು ಬೇಕು.

ದುಡ್ಡು ದಂಡ ಆಯ್ತು ಅಂತ ಬೇಸರ ಬೇಡ. 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿದ್ರು. ಕೈಬ್ರಶ್ಶಿಗಿಂತ ಕರೆಂಟ್ ಬ್ರಶ್ಶಿನಲ್ಲಿ ಹಲ್ಲಿನ ಪಾಚಿ ಒಂದರಿಂದ ಮೂರು ತಿಂಗಳಲ್ಲಿ 11% ಕಡಿಮೆ, ಮೂರು ತಿಂಗಳು ದಾಟಿದ ಮೇಲೆ 21% ಕಡಿಮೆ. ಖುಷಿಯಾ? (ಅವರೆಲ್ಲ ಅದನ್ನು ದಿನಾ ಬಾಯಿಗೆ ಇಟ್ಟವರು, ನೆನಪಿರಲಿ.)

ಕಡೆಗೆ ಒಂದು ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎರಡು ವಾರ ಬರ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆ. ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ನಿಮಿಷದ ಲೆಕ್ಕ ಅದು. "ನಮ್ಮದು ಆರಾಮಾಗಿ ತಿಂಗಳು ಬರ್ತದೆ, ಎಂಥ ಬ್ಯಾಟರಿ ಗೊತ್ತುಂಟಾ!" ಅಂತ ಪಕ್ಕದ ಮನೆಯವರ ಹತ್ತಿರ ಕೊಚ್ಚಿಕೊಂಡಿರಲ್ಲ, ನನಗೂ ಕೇಳಿತು. ಇಷ್ಟು ಹೊತ್ತೂ ನಾನು ಬೆಳಗ್ಗಿನ ಮಾತನ್ನೇ ಆಡಿದೆ, ನೀವೂ ತುಟಿ ಪಿಟಕ್ ಅನ್ನಲಿಲ್ಲ. ಎಲ್ಲಿ ಸ್ವಾಮಿ, ರಾತ್ರಿಯದ್ದು?

(ನನ್ನದಾ? ನನ್ನದು ಚಾರ್ಜಿಗೆ ಇಟ್ಟಿದ್ದೇನೆ.)