ಅರವತ್ತರ ಒಡಪು

ನಮ್ಮ ಮದುವೆ ಕಾರ್ಡು ಇನ್ನೂ ಟ್ರಂಕಿನಲ್ಲಿದೆ. 1990ರದು. ಅದರ ಮೇಲಿನ ವಿಳಾಸ: ಮುಕ್ಕಾಂ ವಡಗೇರಾ, ತಾಲ್ಲೂಕು ಶಹಾಪುರ, ಜಿಲ್ಲೆ ಗುಲಬರ್ಗಾ. 2009ರ ಡಿಸೆಂಬರ್ 30ಕ್ಕೆ ನಮಗೆ ಯಾದಗಿರಿ ಜಿಲ್ಲೆಯಾಯಿತು. 2014ರಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಬಂತು. 2018ರಲ್ಲಿ ವಡಗೇರಾವೇ ತಾಲ್ಲೂಕಾಗಿ ಕೂತಿತು. ಮರುವರ್ಷ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆ ಕಾರ್ಡಿನಲ್ಲಿ ಸರಕಾರ ತಿದ್ದದೆ ಬಿಟ್ಟದ್ದು ಊರು, ವಧು ಮತ್ತು ವರ.

ಆ ಬಾಕಿ ತೀರಿಸಲು ಮಕ್ಕಳು ಹೊರಟರು. ಅಪ್ಪನಿಗೆ ಅರವತ್ತಾಯಿತು, ಶಾಂತಿ ಮಾಡಿಸಿ ಇನ್ನೊಮ್ಮೆ ತಾಳಿ ಕಟ್ಟಿಸೋಣ ಅಂತ. ಪಂಚಾಂಗದಲ್ಲಿ ಪ್ರಭವದಿಂದ ಅಕ್ಷಯದ ತನಕ ಅರವತ್ತು ಸಂವತ್ಸರ. ಅಷ್ಟೂ ಮುಗಿದರೆ ಹುಟ್ಟಿದ ಸಂವತ್ಸರ ಮರಳಿ ಬರುತ್ತದೆ. ನಾನು ಹುಟ್ಟಿದ್ದು 1964ರ ಕ್ರೋಧಿ ಸಂವತ್ಸರದಲ್ಲಿ. 2024ರ ಯುಗಾದಿಗೆ ಕ್ರೋಧಿ ಮತ್ತೆ ಬಂತು ಎಂದು ನಾನು ಸಂಭ್ರಮದಿಂದ ವಿವರಿಸುತ್ತಿದ್ದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದವಳು, "ಅದು ನಮ್ಮ ಮನಿ ಬಿಟ್ಟು ಯಾವಾಗ ಹೋಗಿತ್ತು?" ಅಂದಳು.

ಮಗಳು ತಮಿಳುನಾಡಿನ ತಿರುಕ್ಕಡೈಯೂರಿಗೆ ಹೋಗೋಣ ಅಂದಳು. ಅರವತ್ತು, ಎಂಬತ್ತು ತುಂಬಿದವರು ದೂರದೂರದಿಂದ ಬಂದು ಅಲ್ಲಿ ಮರುಮದುವೆ ಆಗುತ್ತಾರೆ. ಮಾರ್ಕಂಡೇಯನನ್ನು ಎಳೆಯಲು ಬಂದ ಯಮನನ್ನು ಶಿವ ಒದ್ದ ಜಾಗವಂತೆ. ಯಮನಿಗೂ ಮದುವೆಗೂ ಏನು ಸಂಬಂಧ ಎಂದು ಕೇಳಲು ಬಾಯಿ ತೆರೆದೆ. ಮಗಳ ತಾಯಿಯ ಮುಖ ನೋಡಿ ಮುಚ್ಚಿದೆ. ಬೆಂಗಳೂರಿನ ಮಗ ರೆಸಾರ್ಟ್ ಅಂದ. ಅದರ ಬಾಡಿಗೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಲೋಕ ಅದಾಲತ್. ವಿಚ್ಛೇದನಕ್ಕೆಂದು ಬಂದ ಗಂಡ ಹೆಂಡತಿಯನ್ನು ನ್ಯಾಯಾಧೀಶರು ಒಂದುಗೂಡಿಸಿ, ಕೋರ್ಟಿನಲ್ಲೇ ಹಾರ ಬದಲಾಯಿಸಿ, ಸಿಹಿ ತಿನ್ನಿಸಿ ಕಳಿಸಿದ ಫೋಟೊ ಪತ್ರಿಕೆಯಲ್ಲಿ ಆಗಾಗ ಬರುತ್ತದಲ್ಲ, ಅದು. ಅಲ್ಲಿ ಶುಲ್ಕವಿಲ್ಲ, ಮೊದಲೇ ಕಟ್ಟಿದ್ದರೆ ವಾಪಸ್. ಮೇಲಾಗಿ 1987ರ ಕಾಯ್ದೆಯ ಪ್ರಕಾರ ಅಲ್ಲಿಯ ತೀರ್ಪಿಗೆ ಮೇಲ್ಮನವಿ ಇಲ್ಲ. ಯಾವ ಪುರೋಹಿತರೂ ಇಷ್ಟು ಬಿಗಿಯಾಗಿ ಗಂಟು ಹಾಕಿದ್ದನ್ನು ನಾನು ಕಂಡಿಲ್ಲ. "ಹಂಗಾದ್ರ ಮೊದಲ ವಿಚ್ಛೇದನದ ಅರ್ಜಿ ಹಾಕಬೇಕಲ್ರಿ" ಎಂದಳು ಇವಳು. ದನಿಯಲ್ಲಿ ಉತ್ಸಾಹ ಸ್ವಲ್ಪ ಹೆಚ್ಚೇ ಇದ್ದಂತೆ ಕಂಡು ಮಾತು ತೇಲಿಸಿದೆ.

ಕೊನೆಗೆ ಅವಳೇ ತೀರ್ಮಾನ ಕೊಟ್ಟಳು. "ಶಾಂತಿ ಗೀಂತಿ ಏನೂ ಬ್ಯಾಡ. ಲಗ್ನದಾಗ ಬ್ಯಾಂಡಿನ ಗದ್ದಲಕ್ಕ ಐನೋರು ಏನು ಹೇಳಿದ್ರು ನಿಮಗೂ ಕೇಳಿಸಿಲ್ಲ, ನನಗೂ ಕೇಳಿಸಿಲ್ಲ. ಆದ್ರ ಹೊಸ್ತಿಲದಾಗ ಅಡ್ಡ ನಿಂತು ನನ್ನ ಕೈಲೆ ಒಡಪು ಹೇಳಿಸಿದ್ರು. ನಿಮ್ಮ ಪಾಳಿ ಬರೋದ್ರಾಗ ನೀವು ಗೆಳೆಯರ ಜೋಡಿ ಓಡಿಹೋದ್ರಿ. ಈಗ ಹೇಳ್ರಿ."

ನಮ್ಮ ಕಡೆ ಗಂಡ ಹೆಂಡತಿ ಒಡಪು, ಅಂದರೆ ಪ್ರಾಸದ ಸಾಲು, ಹಾಕದೆ ಒಬ್ಬರ ಹೆಸರನ್ನೊಬ್ಬರು ಹೇಳುವ ಪದ್ಧತಿಯಿಲ್ಲ. ಹೆಂಗಸರು ಅದನ್ನು ರೊಟ್ಟಿ ಬಡಿದಷ್ಟೇ ಸಲೀಸಾಗಿ ಕಟ್ಟುತ್ತಾರೆ. ಗಂಡಸರು 'ಏ', 'ಕೇಳಿಸ್ತೇನು', 'ಎಲ್ಲಿ ಹೋದಿ' ಇವುಗಳ ಮೇಲೆಯೇ ಸಂಸಾರ ಸಾಗಿಸುತ್ತೇವೆ. ನಾನು ಪೆನ್ನು ಹಿಡಿದು ಕೂತೆ. ಮೊದಲು ಹೊಳೆದದ್ದು ಹೊಳೆಯೇ. ಭೀಮೆ ಬಂದು ಕೃಷ್ಣೆಯನ್ನು ಕೂಡುವುದು ನಮ್ಮ ಸೀಮೆಯಲ್ಲೇ ತಾನೆ. ಓದಿ ತೋರಿಸಿದೆ.

"ಕೂಡಿದ ಮ್ಯಾಲ ಭೀಮಾನ ಹೆಸರು ಹೋಗ್ತದ, ಮುಂದ ಬರೇ ಕೃಷ್ಣಾ ಅಂತಾರ. ಇದರಾಗ ಭೀಮಾ ಯಾರು? ನಾನೋ, ನೀವೋ?"

"ನಾನೇ."

"ಹಂಗಾದ್ರ ಬರಕೊಳ್ರಿ."

ಒಡಪು ಹೇಳುವ ದಿನ ಗೋಧಿ ಹುಗ್ಗಿ, ಬದನೇಕಾಯಿ ಪಲ್ಯ. ಓಣಿಯ ಹೆಂಗಸರೆಲ್ಲ ಸೇರಿ ನನ್ನದೇ ಮನೆಯ ಹೊಸ್ತಿಲಲ್ಲಿ ನನ್ನನ್ನು ತಡೆದರು. ಬೆವರು ಒರೆಸಿಕೊಂಡು ಶುರು ಮಾಡಿದೆ:

ಉಜನಿ ಡ್ಯಾಮಿನ ನೀರು ಬಿಟ್ರ ಭೀಮಾ ಸೊಕ್ಕಿ ಏರತದ,
ಕೃಷ್ಣಾ ಕಂಡ ಕೂಡಲೆ ಅದರ ಸೊಕ್ಕು ಇಳಿತದ,
ನನ್ನ ಸಿಟ್ಟು ಬಿಸಿ ರೊಟ್ಟಿ ಕಂಡು ಕರಗತದ,
ಆ ರೊಟ್ಟಿ ಬಡಿಯೋಕಿ ಹೆಸರು...

ಇಲ್ಲಿ ಗಂಟಲು ಕಟ್ಟಿತು. ಭಾವೋದ್ವೇಗವಲ್ಲ, ರೂಢಿ ತಪ್ಪಿದ್ದು. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ನೂರು ಸಲ ಬರೆದ ಹೆಸರು ಬಾಯಿಂದ ಹೊರಡಲು ಒಲ್ಲೆ ಅಂತು. ಹೆಂಗಸರು ಕೂಗಾಡಿದರು. ಕಣ್ಣು ಮುಚ್ಚಿ ಹೇಳಿಬಿಟ್ಟೆ.

ಅಡುಗೆಮನೆಯಿಂದ ಹುಗ್ಗಿಯ ಸೌಟು ಹಿಡಿದುಕೊಂಡೇ ಇವಳು ಹೊರಬಂದು, ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, "ಯಾರ್ರಿ ಕರದದ್ದು? ತವರುಮನಿಯಿಂದ ಯಾರರೆ ಬಂದಾರೇನು?" ಎಂದಳು.

ಹೆಸರು ಯಾವುದೆಂದು ನೀವು ಕೇಳಬಹುದು. ಇಲ್ಲಿ ಬರೆಯಬೇಕೆಂದೇ ಇದ್ದೆ. ಹಿಂದೆ ನಿಂತು ಓದುತ್ತಿದ್ದವಳು, "ಪೇಪರ್‌ನಾಗ ಹಾಕೋದಾದ್ರ ಬ್ಯಾರೆ ಒಡಪು ಹಾಕ್ರಿ, ಹಳೇದು ನಡಿಯಂಗಿಲ್ಲ" ಅಂದಳು. ನಮ್ಮಲ್ಲಿರುವ ದೊಡ್ಡ ಹೊಳೆಗಳು ಎರಡೇ, ಎರಡೂ ಖರ್ಚಾಗಿವೆ.